ಸಿಪಾಯಿಯ ಮೆಳ್ಳಗಣ್ಣು

ಮೊನ್ನೆ ಮಗಳು ಉಗುರಿನ ಬಣ್ಣ ತೆಗೆಯುತ್ತಿದ್ದಳು. ಪೇಂಟಿನ ಥಿನ್ನರಿನಂಥ ಆ ವಾಸನೆ ಮೂಗಿಗೆ ಬಡಿದದ್ದೇ, ಕಾಪುವಿನ ನಮ್ಮ ಹಲ್ಲಿನ ಡಾಕ್ಟರು ಕಣ್ಣ ಮುಂದೆ ಬಂದು ನಿಂತರು...

ಅವರ ಕ್ಲಿನಿಕ್ಕಿನಲ್ಲಿ ನಾನು ಚೀಟಿ ಬರೆಯುತ್ತಿದ್ದೆ. ಅವರಿಗೊಂದು ಹುಚ್ಚು: ಹೆಬ್ಬೆರಳಿನಷ್ಟು ಎತ್ತರದ ಲೋಹದ ಸಿಪಾಯಿಗಳಿಗೆ ಬಣ್ಣ ಹಚ್ಚುವುದು. ಹಲ್ಲು ಕೆರೆಯುವ ಹಳೆಯ ಕಡ್ಡಿಯಿಂದಲೇ ಸಿಪಾಯಿಯ ಮೈಮೇಲಿನ ಅಚ್ಚಿನ ಗೆರೆ ಕೆರೆದು, ಸೋಪಿನ ನೀರಲ್ಲಿ ತೊಳೆದು, ಬಣ್ಣ ಹಿಡಿಯಲೆಂದು ಪ್ರೈಮರ್ ಬಳಿಯುತ್ತಿದ್ದರು. ದಿನಾ ಬೆಳಿಗ್ಗೆ ಒಬ್ಬ ಸಿಪಾಯಿಗೆ ಕಣ್ಣು ಬರೆದು, ಒಣಗಲು ಇಟ್ಟು, ಚಹಾ ಕುಡಿದು ಬಂದು ಭೂತಗನ್ನಡಿಯಲ್ಲಿ ನೋಡುವರು. ಕಣ್ಣು ನೇರ ಇದ್ದರೆ ಅಂದು ಹಲ್ಲು ಕೀಳುವುದು. ಮೆಳ್ಳಗಣ್ಣಾದರೆ ಬರೀ ಮಾತ್ರೆ. ಊರಿಗೆಲ್ಲ ಗೊತ್ತಿತ್ತು. ಬಂದವರು ಬಾಗಿಲಲ್ಲೇ ಕೇಳುತ್ತಿದ್ದರು, "ಇವತ್ತು ಸಿಪಾಯಿ ಎಂತ ಹೇಳ್ತಾನೆ?"

ವಯಸ್ಸಾಗಿ ಕೈ ನಡುಗತೊಡಗಿತು. ಮೆಳ್ಳಗಣ್ಣಿನವರದೇ ಒಂದು ಸೈನ್ಯವಾಯಿತು. "ನಾಳೆಯೂ ಹೀಗೇ ಆದ್ರೆ ಬಾಗಿಲು ಹಾಕುವುದೇ" ಎಂದರು. ನನ್ನ ಕೆಲಸದ ಮಾತು ಹಾಗಿರಲಿ, ಆ ಮನುಷ್ಯ ಮನೆಯಲ್ಲಿ ಕೂತು ಏನು ಮಾಡಿಯಾರು?

ನಾನು ಶಂಕರಪುರದವಳು, ಮಲ್ಲಿಗೆ ಕಟ್ಟಿ ಪಳಗಿದ ಬೆರಳು. ಮರುದಿನ ಅವರು ಚಹಾಕ್ಕೆ ಹೋದದ್ದೇ, ಥಿನ್ನರಿನಲ್ಲಿ ಸಿಪಾಯಿಯ ಕಣ್ಣು ಒರೆಸಿ ಹೊಸದು ಬರೆದಿಟ್ಟೆ.

"ಓಹೋ! ನೇರ ಉಂಟು! ಬಾ, ಮೊದಲು ನಿನ್ನದೇ ಕೀಳುವ. ವಾರದಿಂದ ದವಡೆ ಹಿಡ್ಕೊಂಡು ಕೂತಿದ್ದಿ."

ಅಯ್ಯೋ ದೇವರೇ! ಕುರ್ಚಿಯಲ್ಲಿ ಕೂತು ಬಾಯಿ ತೆರೆದೆ. ಇಕ್ಕಳ ನಡುಗುತ್ತಾ ಹತ್ತಿರ ಬಂತು. ಹೇಳಿದರೆ ಅವರ ಕ್ಲಿನಿಕ್ಕು ಹೋಗುತ್ತದೆ, ಹೇಳದಿದ್ದರೆ ನನ್ನ ಹಲ್ಲು. ಅದೂ ಯಾವ ಹಲ್ಲೋ! ಕಣ್ಣು ಮುಚ್ಚಿಕೊಂಡೆ. ಹೇಳಲಿಲ್ಲ.

"ಕಣ್ಣು ಬಿಡು ಮಾರಾಯ್ತಿ. ನನ್ನ ಸಿಪಾಯಿ ಕಾಡಿಗೆ ಹಚ್ಚಲು ಶುರು ಮಾಡಿದ್ದು ಯಾವಾಗಿಂದ?"

ಗಡಿಬಿಡಿಯಲ್ಲಿ ನಾನು ರೆಪ್ಪೆಯನ್ನೂ ಬರೆದುಬಿಟ್ಟಿದ್ದೆ! ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು. ನಗುತ್ತಲೇ ಅವರು ಇಕ್ಕಳವನ್ನು ತಟ್ಟೆಗೆ ಹಾಕಿದರು. ಮತ್ತೆ ಅದನ್ನು ಎತ್ತಲಿಲ್ಲ. ನನ್ನ ಹಲ್ಲನ್ನು ಮಣಿಪಾಲದಲ್ಲಿ ಕೀಳಿಸಿಕೊಂಡೆ.

ಕ್ಲಿನಿಕ್ಕು ಮುಚ್ಚಿದ ದಿನ ನನಗೊಬ್ಬ ಸಿಪಾಯಿಯನ್ನು ಕೊಟ್ಟರು. ಆ ಬೆಳಿಗ್ಗೆ ಅವರೇ ಬರೆದ ಕಣ್ಣುಗಳು: ಒಂದು ಉಡುಪಿ ಕಡೆ, ಇನ್ನೊಂದು ಕಾರ್ಕಳ ಕಡೆ. "ಇವನನ್ನು ಸರಿ ಮಾಡ್ಬೇಡ, ಆಯ್ತಾ?"

ಡಾಕ್ಟರು ತೀರಿಕೊಂಡು ಎರಡು ವರ್ಷವಾಯಿತು... ಉಗುರು ಒರೆಸಿದ ಹತ್ತಿಯನ್ನು ಹಿಡಿದುಕೊಂಡೇ ಮಗಳು ಷೋಕೇಸಿನಿಂದ ಸಿಪಾಯಿಯನ್ನು ಎತ್ತಿದಳು. "ಅಮ್ಮಾ, ಇವನ ಕಣ್ಣು ಅಳಿಸಿ ನೇರ ಬರೀಲಾ?"

ಅವಳ ಕೈಯಿಂದ ಕಸಿದುಕೊಂಡೆ. ಪಾಪ, ಹುಡುಗಿ ಬೆಚ್ಚಿಬಿದ್ದಳು.

"ಬೇಡ ಮಗಾ. ಅದು ಡಾಕ್ಟ್ರ ಕೈ."