ಗ್ಯಾಸ್‌ಲೈಟಿನ ಕಾಕನ ಯಂತ್ರ

ನಡೆಯುವಾಗ ಅವರ ಹೆಬ್ಬೆರಳು ಮೊದಲು ನೆಲ ಮುಟ್ಟುತ್ತಿತ್ತು, ಆಮೇಲೆ ಪಾದ, ಕೊನೆಗೆ ಹಿಮ್ಮಡಿ. ಹಂಡೆಯ ನೀರು ಎಷ್ಟು ಬಿಸಿಯೆಂದು ಬೆರಳದ್ದಿ ನೋಡುವವರ ಹಾಗೆ ಒಂದೊಂದು ಹೆಜ್ಜೆಗೂ ಭೂಮಿಯನ್ನು ಪರೀಕ್ಷಿಸಿಯೇ ಭಾರ ಬಿಡುತ್ತಿದ್ದರು. ಆರಡಿ ಎತ್ತರದ ಸಪೂರ ಮನುಷ್ಯ ಸಿದ್ಧಕಟ್ಟೆಯ ಪೇಟೆಯಲ್ಲಿ ಬಿಳಿ ಮುಂಡು ಎತ್ತಿ ಹಿಡಿದು ಹಾಗೆ ಕೊಕ್ಕರೆಯಂತೆ ಬರುವುದನ್ನು ಕಂಡರೆ ಹೊಸಬರಿಗೆ ನಗು ಬರುತ್ತಿತ್ತು. ನಾವೂ ಮೊದಮೊದಲು ನಕ್ಕವರೇ.

ಊರಿಗೆಲ್ಲ ಅವರು ಗ್ಯಾಸ್‌ಲೈಟಿನ ಕಾಕ. ದೈವದ ನೇಮಕ್ಕೆ, ಮದುವೆಗೆ, ಯಕ್ಷಗಾನದ ಆಟಕ್ಕೆ ಬೇಕಾದ ಗ್ಯಾಸ್‌ಲೈಟುಗಳು ಅವರ ಅಂಗಡಿಯಿಂದಲೇ ಹೋಗಬೇಕು. ಕೆಟ್ಟ ಟಾರ್ಚು, ಸ್ಟೋವು, ಸೈಕಲ್ಲು ಅಲ್ಲಿಗೇ ಬರಬೇಕು. ಬ್ಯಾರಿ ಮುಸ್ಲಿಮರಾದರೂ ನಮ್ಮ ಮನೆಯ ದೈವದ ಕೆಲಸದ ದಿನ ಯಾರಾರು ಎಲ್ಲೆಲ್ಲಿ ನಿಲ್ಲಬೇಕೆಂಬುದು ನಮಗಿಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಆ ಅಂಗಡಿಯಲ್ಲಿ ಅವರು ಕೂತದ್ದನ್ನು ನಾನು ಕಂಡಿಲ್ಲ. ಚಹಾ ಕುಡಿಯುವುದೂ ನಿಂತೇ. ಯಾರಾದರೂ ಒತ್ತಾಯಿಸಿ ಕೂರಿಸಿದರೆ ಒಂದು ಮೊಣಕಾಲು ತನ್ನಷ್ಟಕ್ಕೆ ಕುಣಿಯಲು ಸುರು ಮಾಡುತ್ತಿತ್ತು. ಅದನ್ನು ಕೈಯಿಂದ ಒತ್ತಿ ಹಿಡಿದರೆ ಇನ್ನೊಂದು. ಅಂಗಿಯ ಕಿಸೆಯಲ್ಲಿ ತುದಿ ಮಸೆದ ಸೈಕಲ್ಲಿನ ಕಡ್ಡಿಯೊಂದು ಸದಾ ಇರುತ್ತಿತ್ತು. ಮಳೆ ಬಂದು ದಾರಿಯ ಗುರುತು ಅಳಿಸಿಹೋದರೆ ಯಾರಾದರೂ ಮುಂದೆ ಹೋಗುವವರೆಗೆ ಕಾದು, ಅವರ ಹೆಜ್ಜೆಯ ಮೇಲೆಯೇ ಹೆಜ್ಜೆ ಇಟ್ಟು ಹೋಗುತ್ತಿದ್ದರು.

ಇದಕ್ಕೆಲ್ಲ ಕಾರಣ ಯುದ್ಧ. ಅವರು ಮಿಲಿಟ್ರಿಯಲ್ಲಿದ್ದದ್ದು ನೆಲದಲ್ಲಿ ಹೂತಿಟ್ಟ ಸಿಡಿಮದ್ದು ಹುಡುಕುವ ಕೆಲಸಕ್ಕೆ. ಉದ್ದನೆಯ ಕೋಲು, ಅದರ ತುದಿಯಲ್ಲಿ ತಟ್ಟೆಯಂಥದ್ದು, ಬೆನ್ನಿಗೊಂದು ಪೆಟ್ಟಿಗೆ, ಕಿವಿಗೆ ಹಾಕಿಕೊಳ್ಳುವ ಎರಡು ಮುಚ್ಚಳ. ತಟ್ಟೆಯನ್ನು ಮರಳಿನ ಮೇಲೆ ಆಡಿಸುತ್ತ ಹೋದರೆ ಕೆಳಗೆ ಕಬ್ಬಿಣ ಇದ್ದಲ್ಲಿ ಕಿವಿಯಲ್ಲಿ ಸಿಳ್ಳೆ ಕೇಳುತ್ತದಂತೆ. ಒಂದು ದಿನ ಅವರಿಗೆ ಸಿಳ್ಳೆ ಕೇಳಲಿಲ್ಲ. ದಾರಿ ಚೊಕ್ಕ ಉಂಟೆಂದು ಕೈ ಬೀಸಿದರು. ಹಿಂದೆ ಬಂದ ಗೆಳೆಯ ಕಾಲಿಟ್ಟ. ವೈರಿಗಳು ಆ ಮದ್ದನ್ನು ಮರದ ಪೆಟ್ಟಿಗೆಯಲ್ಲಿಟ್ಟು ಹೂತಿದ್ದರು. ಯಂತ್ರಕ್ಕೆ ಮರ ತಿಳಿಯುವುದಿಲ್ಲ. ಇದನ್ನು ಅವರು ನನ್ನ ಅಪ್ಪನಿಗೆ ಒಮ್ಮೆ ಹೇಳಿದ್ದರು, ಎರಡನೇ ಸಲ ಯಾರಿಗೂ ಹೇಳಲಿಲ್ಲ. ಅದರಿಂದ ಹುಟ್ಟಿದ ಒಂದು ಮಾತನ್ನು ಮಾತ್ರ ಸಂದರ್ಭ ಉಂಟೋ ಇಲ್ಲವೋ ನೋಡದೆ ಹೇಳುತ್ತಿದ್ದರು: "ಸದ್ದಿಲ್ಲ ಅಂದ್ರೆ ಏನೂ ಇಲ್ಲ ಅಂತ ಅಲ್ಲ."

ಅಂಥದ್ದೇ ಯಂತ್ರವೊಂದು ಅವರ ಅಂಗಡಿಯ ಅಟ್ಟದಲ್ಲಿ ಗೋಣಿ ಮುಚ್ಚಿಕೊಂಡು ಬಿದ್ದಿತ್ತು. ಬಿಡುಗಡೆಯಾಗಿ ಬರುವಾಗ ಪೂನಾದ ಗುಜರಿಯಲ್ಲಿ ಕಂಡು ಕೊಂಡು ತಂದದ್ದು. ಇಷ್ಟು ದ್ವೇಷದ ವಸ್ತುವನ್ನು ತಂದದ್ದು ಯಾಕೆಂದು ಅಪ್ಪ ಕೇಳಿದರೆ, ಬೇರೆ ಯಾರಾದರೂ ಕೊಂಡು ಅದನ್ನು ನಂಬಿದರೆ ಏನು ಗತಿ ಮಾಸ್ಟ್ರೇ ಎಂದಿದ್ದರು. ನಿಧಿಯ ಹುಚ್ಚಿನವರು ಬೆಳ್ತಂಗಡಿ, ಮೂಡಬಿದ್ರಿ ಕಡೆಯಿಂದಲೂ ಅದನ್ನು ಹುಡುಕಿಕೊಂಡು ಬರುತ್ತಿದ್ದರು. ಅವರಿಗೆ ಕಾಕನ ಉತ್ತರ ಒಂದೇ: "ಹೂತವನೇ ಬಂದು ಕೇಳಲಿ, ತೋರಿಸ್ತೇನೆ."

ಅಪ್ಪನಿಗೂ ಅವರಿಗೂ ಗೆಳೆತನ ಬೆಳೆದದ್ದು ಒಂದು ನೇಮದ ದಿನ. ದೈವದ ಭಂಡಾರ, ಅಂದರೆ ಕತ್ತಿ, ಮುಖವಾಡದಂಥ ಮೊಗ, ಗಂಟೆ ಇತ್ಯಾದಿಗಳನ್ನು ನಮ್ಮ ಮನೆಯಿಂದ ಹೊರಡಿಸುವಾಗ ಮದ್ದು ತುಂಬಿದ ಕದಿನ ಹೊಡೆಯುವ ಕ್ರಮ ಉಂಟು. ಅಂದು ಹೇಳದೆ ಕೇಳದೆ ಹೊಡೆದುಬಿಟ್ಟರು. ಢಮ್ಮೆಂದದ್ದೇ ತಡ, ಗ್ಯಾಸ್‌ಲೈಟಿಗೆ ಗಾಳಿ ಹಾಕುತ್ತಿದ್ದ ಕಾಕ ಅಂಗಳದ ಸೆಗಣಿ ನೀರಿನಲ್ಲಿ ಮುಖ ಅಡಿಯಾಗಿ ಮಲಗಿಬಿಟ್ಟರು, ಎರಡೂ ಕೈ ತಲೆಯ ಮೇಲೆ. ನೆರೆದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನನ್ನ ದೊಡ್ಡ ಮಾವನಂತೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅಪ್ಪ ಒಬ್ಬರೇ ಹೋಗಿ ತನ್ನ ಶಾಲಿನಿಂದ ಅವರ ಮುಖ ಒರೆಸಿ, ಏನೂ ಆಗದವರ ಹಾಗೆ ಗ್ಯಾಸ್‌ಲೈಟಿಗೆ ಗಾಳಿ ಹಾಕಲು ಕೂತರು.

ದೊಡ್ಡ ಮಾವ ಎಂದರೆ ಅಮ್ಮನ ಅಣ್ಣ, ನಮ್ಮ ಮನೆಯ ಯಜಮಾನ. ನಮ್ಮದು ಅಳಿಯಸಂತಾನದ ಕಟ್ಟು. ಮನೆ ಅಮ್ಮಂದಿರದ್ದು, ಅಧಿಕಾರ ಮಾವಂದಿರದ್ದು. ಅಪ್ಪ ಅಲ್ಲಿ ಎಷ್ಟು ವರ್ಷ ಉಂಡರೂ ಭಾವನೇ, ಹೊರಗಿನವನೇ. ಅವರು ಮೂಡಬಿದ್ರಿ ಕಡೆಯ ಶಾಲೆಯೊಂದರಲ್ಲಿ ಮಾಸ್ಟರು. ಶನಿವಾರ ಬಸ್ಸಿನಲ್ಲಿ ಬಂದು ಸೋಮವಾರ ಬೆಳಿಗ್ಗೆ ಹೋಗುವವರು.

ನಾನು ಎಂಟನೇ ಕ್ಲಾಸಿನಲ್ಲಿದ್ದ ವರ್ಷ, ನೇಮಕ್ಕೆ ಹದಿನೈದು ದಿನ ಇರುವಾಗ, ದೈವದ ಕೈಗಂಟೆ ಕಾಣೆಯಾಯಿತು. ತೆಂಗಿನ ಚಿಪ್ಪಿನಷ್ಟು ದೊಡ್ಡ ಕಂಚಿನ ಗಂಟೆ, ಯಾವ ಅಜ್ಜನ ಕಾಲದ್ದೋ. ಭಾನುವಾರ ಭಂಡಾರವನ್ನೆಲ್ಲ ಹುಣಸೆಹುಳಿ, ಬೂದಿ ಹಾಕಿ ತಿಕ್ಕಿ ಬೆಳಗಿದ್ದರು. ಮಂಗಳವಾರ ಒಳಗಿಡುವಾಗ ನೋಡಿದರೆ ಗಂಟೆ ಇಲ್ಲ. ನಡುವಿನ ಸೋಮವಾರ ಅಪ್ಪ ಭಾರದ ಚೀಲ ಹಿಡಿದು ಬಸ್ಸು ಹತ್ತಿದ್ದನ್ನು ಪೇಟೆಯಲ್ಲಿ ನಾಲ್ಕು ಜನ ಕಂಡಿದ್ದರು. ಚೀಲದಲ್ಲಿದ್ದದ್ದು ಮೂಡಬಿದ್ರಿಯಲ್ಲಿ ಬೆಸುಗೆ ಹಾಕಿಸಲೆಂದು ಅಮ್ಮನೇ ಕೊಟ್ಟ ಹಿತ್ತಾಳೆಯ ದೀಪ. ಆದರೆ ದೀಪದ ಜೊತೆ ಗಂಟೆ ಇರಲಿಲ್ಲ ಎಂದು ಹೇಳುವವರು ಯಾರು? ಎತ್ತು ಕರು ಹಾಕಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ನಮ್ಮ ಮನೆಯಲ್ಲೇ ಬೇಕಾದಷ್ಟಿದ್ದರು.

ಶನಿವಾರ ಅಪ್ಪ ಬಂದು ಕಾಲು ತೊಳೆಯುವ ಮೊದಲೇ ದೊಡ್ಡ ಮಾವ ತೀರ್ಮಾನ ಹೇಳಿಬಿಟ್ಟರು. ಕಳ್ಳ ಎಂದು ಬಾಯಿಬಿಟ್ಟು ಹೇಳಲಿಲ್ಲ. ಸೋಮವಾರ ಎಲ್ಲರೂ ಬೆಳ್ತಂಗಡಿಯ ಆಚೆಗಿನ ಕ್ಷೇತ್ರಕ್ಕೆ ಹೋಗುವ, ದೇವರೆದುರು ಆಣೆ ಪ್ರಮಾಣ ಮಾಡುವ ಎಂದರು. 'ಎಲ್ಲರೂ' ಎಂದರೆ ಯಾರೆಂದು ಎಲ್ಲರಿಗೂ ಗೊತ್ತಿತ್ತು. ನಮ್ಮ ಕಡೆ ಆಣೆ ಎಂದರೆ ಸಣ್ಣ ಮಾತಲ್ಲ. ಸತ್ಯಕ್ಕೆ ಹಾಕಿದ ಆಣೆಯೂ ಮಕ್ಕಳಿಗೆ ತಟ್ಟುತ್ತದೆ ಎಂಬ ಹೆದರಿಕೆ ಉಂಟು, ಮತ್ತು ಮಗು ಎಂದು ಅಮ್ಮನಿಗೆ ಇದ್ದದ್ದು ನಾನೊಬ್ಬಳೇ. ಆಣೆ ಹಾಕದಿದ್ದರೆ ಗಂಡ ಕಳ್ಳ, ಹಾಕಿದರೆ ಮಗಳಿಗೆ ಏನಾಗುತ್ತದೋ. ಅಮ್ಮ ಅಡಿಗೆಮನೆಯಿಂದ ಹೊರಗೆ ಬರಲಿಲ್ಲ.

ಅಪ್ಪ ಚೀಲ ಕೆಳಗಿಟ್ಟು ಹೇಳಿದರು: "ಆಣೆ ಹಾಕ್ತೇನೆ ಭಾವ. ಹಾಕಿದ ಮೇಲೆ ಈ ಜಗಲಿ ಹತ್ತುವುದಿಲ್ಲ."

ಮರುದಿನ ಬೆಳಿಗ್ಗೆ ಯಾರಿಗೂ ಹೇಳದೆ ಕಾಕನ ಅಂಗಡಿಗೆ ಓಡಿದೆ. ನಿಮ್ಮ ಯಂತ್ರ ತನ್ನಿ ಕಾಕ, ಇಲ್ಲದಿದ್ದರೆ ಅಪ್ಪ ನಮ್ಮನ್ನು ಬಿಟ್ಟು ಹೋಗುತ್ತಾರೆ ಎಂದು ಅತ್ತೆ. ಅವರು ಇಲ್ಲ ಎಂದರು. ಅದನ್ನು ಇನ್ನು ಕಿವಿಗೆ ಹಾಕುವುದಿಲ್ಲ ಎಂದು ಆಣೆ ಹಾಕಿದ್ದೇನೆ ಎಂದರು. ನಾನು ಅಲ್ಲಿಂದ ಕದಲಲಿಲ್ಲ. ಅಂಗಡಿಯೊಳಗೆ ಆ ಗೋಡೆಯಿಂದ ಈ ಗೋಡೆಗೆ ನಡೆಯಲು ಸುರು ಮಾಡಿದರು. ನಡೆಯುತ್ತಲೇ ಒಂದೊಂದೇ ಕೇಳಿದರು: ಬೆಳಗಿದ್ದು ಯಾರು, ಎಲ್ಲಿ ಕೂತು, ತಿಕ್ಕಿದ ಬೂದಿ ಹುಳಿಯನ್ನೆಲ್ಲ ಏನು ಮಾಡುತ್ತೀರಿ.

ನಾನು ಗೊತ್ತಿದ್ದಷ್ಟು ಹೇಳಿದೆ. ದೈವದ ಬೂದಿಯನ್ನು ಗುಡಿಸಿ ಕಸಕ್ಕೆ ಹಾಕುವ ಹಾಗಿಲ್ಲ. ಮರುದಿನ ಬೆಳಿಗ್ಗೆ ಯಜಮಾನನೇ ಬುಟ್ಟಿ ಹೊತ್ತು ಹಿತ್ತಲಿನ ಕಾಸರಕದ ಮರದ ಬುಡದ ಗುಂಡಿಗೆ ಸುರಿದು, ಮಣ್ಣು ಎಳೆದು, ಹಿಂತಿರುಗಿ ನೋಡದೆ ಬರಬೇಕು. ಆಮೇಲೆ ಮುಂದಿನ ನೇಮದ ತನಕ ಯಾರೂ ಆ ಬುಡಕ್ಕೆ ಹೋಗಬಾರದು. ಹಳೆಯ ಕಾಲದಲ್ಲಿ ಮಂತ್ರವಾದಿಗಳು ಪ್ರೇತಗಳನ್ನು ಆಣಿ ಬಡಿದು ನಿಲ್ಲಿಸಿದ ಮರ ಅದು.

ಕಾಕ ನಡೆಯುವುದನ್ನು ನಿಲ್ಲಿಸಿದರು. "ನೀನು ಹೋಗು ಮಗಾ. ನಾನು ಬರ್ತೇನೆ."

ಅವರು ಕೋಲು ಹೊತ್ತು, ಬೆನ್ನಿಗೆ ಪೆಟ್ಟಿಗೆ ಕಟ್ಟಿ ಪೇಟೆಯಲ್ಲಿ ಹಾದು ಬರುವಾಗ ಅರ್ಧ ಸಿದ್ಧಕಟ್ಟೆ ಹಿಂದೆ ಬಂತು. ದೊಡ್ಡ ಮಾವನಿಗೆ ಇದು ಬೇಡವಾಗಿತ್ತು, ಆದರೆ ಅಷ್ಟು ಜನರೆದುರು ಬೇಡ ಎಂದರೆ ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡ ಹಾಗಾಗುತ್ತಿತ್ತು. ಒಪ್ಪಿದರು. ಅಪ್ಪ ಬೆಳಗಿನಿಂದ ಅಂಗಳದಲ್ಲೇ ನಿಂತಿದ್ದರು. ಜಗಲಿ ಬಿಟ್ಟು ಆಗಿತ್ತು.

ಕಾಕ ಕಿವಿಗೆ ಮುಚ್ಚಳ ಹಾಕಿಕೊಂಡದ್ದೇ ಬೇರೆ ಮನುಷ್ಯರಾದರು. ಮುಖ ಬೂದಿಯ ಬಣ್ಣಕ್ಕೆ ತಿರುಗಿತು, ಮೇಲ್ತುಟಿಯಲ್ಲಿ ಬೆವರು. ತೆಂಗಿನ ಹುರಿಹಗ್ಗದಿಂದ ಅಂಗಳವನ್ನು ಪಟ್ಟೆ ಪಟ್ಟೆಯಾಗಿ ಗುರುತು ಮಾಡಿ, ಒಂದೊಂದು ಪಟ್ಟೆಯಲ್ಲೂ ತಟ್ಟೆ ಆಡಿಸುತ್ತ ಹೆಬ್ಬೆರಳಿನ ಮೇಲೆ ಮುಂದೆ ಹೋದರು. ಅಂಗಳದ ಈಶಾನ್ಯ ಮೂಲೆಯಲ್ಲಿ ನಿಂತು ಇಲ್ಲಿ ಏನೋ ಉಂಟು ಎಂದರು. ಅಗೆದರೆ ಮೊಣಕೈ ಆಳದಲ್ಲಿ ತುಕ್ಕು ಹಿಡಿದ ನಾಲ್ಕು ಆಣಿ, ಒಂದು ತಾಮ್ರದ ತಗಡು. ಯಾವ ಕಾಲದಲ್ಲೋ ಮನೆಗೆ ದಿಗ್ಬಂಧನ ಹಾಕಿದ್ದು. ಹೆಂಗಸರು ಹಿಂದೆ ಸರಿದರು. ದೊಡ್ಡ ಮಾವನೇ ಅದನ್ನು ಇದ್ದ ಹಾಗೆಯೇ ಮುಚ್ಚಿ, ಇನ್ನು ಸಾಕು, ಎದ್ದದ್ದೆಲ್ಲ ಮಲಗಲಿ ಎಂದರು. ಆದರೆ ಆ ಹೊತ್ತಿಗೆ ಯಂತ್ರ ಸುಳ್ಳು ಹೇಳುವುದಿಲ್ಲ ಎಂದು ಅಲ್ಲಿದ್ದ ಎಲ್ಲರೂ ನಂಬಿ ಆಗಿತ್ತು.

ಕಾಕ ನಿಲ್ಲಲಿಲ್ಲ. ತಿಕ್ಕಿದ ಜಾಗದಿಂದ ಬಾವಿಕಟ್ಟೆಗೆ, ಬಾವಿಕಟ್ಟೆಯಿಂದ ಹಿತ್ತಲಿಗೆ ಹೋದರು. ಕಾಸರಕದ ಮರಕ್ಕೆ ಎರಡು ಮಾರು ಇರುವಾಗ ನಿಂತು, ಯಂತ್ರ ಇಲ್ಲಿ ಜೋರಾಗಿ ಕೂಗುತ್ತದೆ ಎಂದರು. ಮರದ ಆಣಿಗಳಿಗೆ ಕೂಗುವುದು ಎಂದು ಮಾವ ಗದರಿದರು. ಇರಬಹುದು ಎಂದು ಹೇಳಿ ಕಾಕ ಕಿವಿಯ ಮುಚ್ಚಳ ತೆಗೆದು ಕೊರಳಿಗೆ ಇಳಿಸಿ, ಚಪ್ಪಲಿ ಬಿಟ್ಟು, ಹೋಗಲು ಅಪ್ಪಣೆಯೇ ಎಂದು ಕೇಳಿದರು. ಮಾವ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಕಾಕ ಒಂದು ಮೊಣಕಾಲೂರಿ ಕಿಸೆಯ ಕಡ್ಡಿ ತೆಗೆದು ಓರೆಯಾಗಿ ಮಣ್ಣಿಗೆ ಇಳಿಸಿದರು. ಒಂದು ಬೆರಳಿನಷ್ಟು ಬಿಟ್ಟು ಮತ್ತೆ, ಮತ್ತೆ. ಕಡ್ಡಿ ಎಲ್ಲಿಯೋ ತಾಗಿತು. ಅವರ ಕೈ ನಿಂತಿತು. ಯಾವಾಗಲೂ ಕುಣಿಯುವ ಮೊಣಕಾಲೂ ನಿಂತಿತು.

ಅವರು ಅಗೆಯಲಿಲ್ಲ. ಎದ್ದು ಹಿಂದೆ ಸರಿದು ಹೇಳಿದರು: "ಯಜಮಾನ್ರೇ, ಇದು ದೈವದ ವಸ್ತು. ನಾನು ಮುಟ್ಟುವುದಲ್ಲ, ನೀವೇ ತೆಗೆಯಬೇಕು."

ದೊಡ್ಡ ಮಾವ ಕೈಯಿಂದಲೇ ಮಣ್ಣು ಬಗೆದರು. ಬೂದಿ, ಹುಣಸೆಯ ನಾರು, ಅದರೊಳಗೆ ಗಂಟೆ. ಕಿಲುಬಿನ ಕರೆ ಹೋಗಲೆಂದು ಬಾಯಿ ತುಂಬ ಹಸಿ ಬೂದಿ ಮೆತ್ತಿ ಬುಟ್ಟಿಯಲ್ಲಿ ಬಿಟ್ಟಿದ್ದರು. ಅದು ಹಾಗೆಯೇ ಗಟ್ಟಿಯಾಗಿತ್ತು. ಅಲ್ಲಾಡಿಸಿದರೆ ಸದ್ದಿಲ್ಲ. ಬುಟ್ಟಿ ಹೊತ್ತು ಸುರಿದವರು ಯಾರು, ಹಿಂತಿರುಗಿ ನೋಡದೆ ಬಂದವರು ಯಾರು ಎಂದು ಅಲ್ಲಿ ಯಾರೂ ಕೇಳಲಿಲ್ಲ. ಮಾವ ಬೆರಳು ಹಾಕಿ ಬೂದಿ ಕೆರೆದು ತೆಗೆದು, ಗಂಟೆಯನ್ನು ಎದೆಗೊತ್ತಿ ಹಿಡಿದು ಅಂಗಳಕ್ಕೆ ಬಂದರು. ಅಪ್ಪನ ಎದುರು ನಿಂತವರು ಬಹಳ ಹೊತ್ತು ಅವರ ಕಾಲನ್ನೇ ನೋಡಿದರು.

"ಬಿಸಿಲಾಯಿತು ಭಾವ," ಎಂದರು. "ಮೇಲೆ ಬನ್ನಿ."

ಅಪ್ಪ ಜಗಲಿ ಹತ್ತಿದರು. ಅಡಿಗೆಮನೆಯಿಂದ ಅಮ್ಮ ಅಳುವುದು ಆಗ ಕೇಳಿಸಿತು. ಎರಡು ದಿನದಿಂದ ಅವರು ಅತ್ತಿರಲಿಲ್ಲ. ಈ ಗಡಿಬಿಡಿಯಲ್ಲಿ ಕಾಕ ಯಾವಾಗ ಹೋದರೋ, ಅವರಿಗೆ ಒಂದು ಲೋಟ ಬೆಲ್ಲ ನೀರು ಕೂಡ ಯಾರೂ ಕೊಡಲಿಲ್ಲ. ನನಗೆ ಇಂದಿಗೂ ಅದರ ನಾಚಿಕೆ ಉಂಟು.

ಹತ್ತು ವರ್ಷ ಕಳೆಯಿತು. ನಾನೂ ಅಪ್ಪನ ಹಾಗೆ ಶಾಲೆ ಸೇರಿ ಶಿರ್ತಾಡಿಯಲ್ಲಿದ್ದೆ. ಕಾಕನಿಗೆ ಸೌಖ್ಯ ಇಲ್ಲ, ನಿನ್ನನ್ನು ಕೇಳುತ್ತಿದ್ದಾರೆ ಎಂದು ಸುದ್ದಿ ಬಂದಾಗ ರಜೆ ಹಾಕಿ ಬಸ್ಸು ಹತ್ತಿದೆ. ಮಂಚದ ಮೇಲಿದ್ದರು. ಹೊದಿಕೆಯ ಕೆಳಗೆ ಮೊಣಕಾಲು ಮಾತ್ರ ಇನ್ನೂ ಕುಣಿಯುತ್ತಿತ್ತು. ಹೆಂಡತಿಯ ಕೈಯಿಂದ ಗೋಣಿಯ ಗಂಟು ತರಿಸಿ, ಕಿವಿಯ ಮುಚ್ಚಳಗಳನ್ನು ನನ್ನ ಕೈಗಿಟ್ಟು ಹಾಕಿಕೊಳ್ಳಲು ಹೇಳಿದರು. ಹಾಕಿಕೊಂಡೆ. ಏನೂ ಕೇಳಲಿಲ್ಲ. ಬ್ಯಾಟರಿ ಮುಗಿದಿರಬೇಕು ಕಾಕ ಎಂದೆ.

"ಗುಜರಿಯವ ಯಂತ್ರ ಕೊಟ್ಟ, ಬ್ಯಾಟರಿ ಕೊಡಲಿಲ್ಲ," ಎಂದರು. "ಅದರದ್ದು ಎಲ್ಲಿಯೂ ಸಿಗಲಿಲ್ಲ. ಊರಿಗೆ ಬಂದ ಮೇಲೆ ಅದು ಕೂಗಿಯೇ ಇಲ್ಲ ಮಗಾ."

ಅವರು ನಿಧಾನ, ಉಸಿರು ತೆಗೆದು ತೆಗೆದು ಉಳಿದದ್ದನ್ನು ಹೇಳಿದರು. ಹಳೆಯ ಮನೆ ಎಂದ ಮೇಲೆ ಈಶಾನ್ಯ ಮೂಲೆಯಲ್ಲಿ ಆಣಿ ಇದ್ದೇ ಇರುತ್ತದೆ. ಅದನ್ನು ಮೊದಲು ತೋರಿಸಿದ್ದು ಜನ ಯಂತ್ರವನ್ನು ನಂಬಲಿ ಎಂದು. ಬೂದಿಯ ದಾರಿಯನ್ನು ಆ ದಿನ ಅಂಗಡಿಯಲ್ಲಿ ಅವರಿಗೆ ನಾನೇ ಹೇಳಿಕೊಟ್ಟಿದ್ದೆ. ಆದರೆ ಯಜಮಾನರೇ, ಬೂದಿಯ ಜೊತೆ ಗಂಟೆಯನ್ನೂ ನೀವೇ ಸುರಿದುಬಿಟ್ಟಿದ್ದೀರಿ ಎಂದು ಗ್ಯಾಸ್‌ಲೈಟಿನ ಬ್ಯಾರಿಯೊಬ್ಬ ಬಾಯಿಬಿಟ್ಟು ಹೇಳಿದರೆ ಅವರು ಆ ಬುಡಕ್ಕೆ ಕೈ ಹಾಕುತ್ತಿದ್ದರೇ? ಯಂತ್ರ ಹೇಳಿದರೆ ಯಾರ ಮರ್ಯಾದೆಯೂ ಹೋಗುವುದಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಗಂಟೆ ಅಲ್ಲಿ ಇಲ್ಲದೆ ಹೋಗಿದ್ದರೆ ಎಂದು ಕೇಳಿದೆ.

"ಕಡ್ಡಿ ತಾಗುವವರೆಗೆ ನನಗೂ ಗೊತ್ತಿರಲಿಲ್ಲ," ಎಂದರು ಕಾಕ. "ಅದಕ್ಕೇ ಆ ದಿನ ಅಷ್ಟು ಬೆವರಿದ್ದು."

ಎಂಟು ದಿನದಲ್ಲಿ ಅವರು ತೀರಿಕೊಂಡರು. ರಾತ್ರಿಯೆಲ್ಲ ಮಳೆ ಸುರಿದು ಮಸೀದಿಯ ಹಿಂದಿನ ಗುಡ್ಡೆಯ ದಾರಿ ತೊಳೆದುಹೋಗಿತ್ತು. ಹೊತ್ತವರ ಹಿಂದೆ ಅಪ್ಪ ಕೊಡೆ ಮಡಚಿ ಹಿಡಿದು ಹೋಗುತ್ತಿದ್ದುದನ್ನು ನಾನು ರಸ್ತೆಯ ಬದಿಯಿಂದ ನೋಡಿದೆ. ಮುಂದಿನವರ ಹೆಜ್ಜೆಯ ಮೇಲೆಯೇ ಹೆಜ್ಜೆ ಇಡುತ್ತಿದ್ದರು, ಮೊದಲು ಹೆಬ್ಬೆರಳು. ದೊಡ್ಡ ಮಾವ ನನ್ನ ಪಕ್ಕದಲ್ಲೇ ನಿಂತಿದ್ದರು. ಎಂಥ ಯಂತ್ರ ಮಾರಾಯ್ತಿ ಅದು, ಇನ್ನು ಅದನ್ನು ನೋಡಲು ಯಾರಿಗೆ ಬರುತ್ತದೆ ಎಂದು ಕಣ್ಣೊರೆಸಿಕೊಂಡರು. ಯಾರಿಗೂ ಬರುವುದಿಲ್ಲ ಮಾವ ಎಂದೆ. ಅಪ್ಪ ಆ ಸಂಜೆಯೂ, ಆಮೇಲೆ ಬದುಕಿದಷ್ಟು ದಿನವೂ, ನಮ್ಮ ಮನೆಯ ಜಗಲಿ ಹತ್ತಿ ಬಂದರು.