ಐದು ಅಕ್ಷರದ ಶಬ್ದ ಬೇಕಾಗಿದೆ

ನನಗೆ ಸಿಟ್ಟು ಬಹಳ ಬೇಗ ಬರುತ್ತದೆ ಎಂದು ಗೋಕಾಕದಲ್ಲಿ ಎಲ್ಲರೂ ಹೇಳುತ್ತಾರೆ. ಬೇಗ ಬರುವುದೇನೋ ನಿಜ, ಆದರೆ ಕಾರಣವಿಲ್ಲದೆ ಬರುವುದಿಲ್ಲ. ನೀವೇ ಹೇಳಿ. ಬಿ.ಎ. ಪಾಸಾಗಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವವನಿಗೆ ಊಟಕ್ಕೆ ಕೂತ ಹೊತ್ತಿನಲ್ಲಿ ಮೂಡಲಗಿಯಿಂದ ಒಂದು ಕಾರ್ಡು ಬರುತ್ತದೆ: 'ಐದು ಅಕ್ಷರದ ಶಬ್ದ ಬೇಕಾಗಿದೆ. ಎರಡನೆಯದು ಎಲ್, ಕೊನೆಯದು ಕೆ. ಕೂಡಲೇ ತಿಳಿಸುವುದು.' ಅನ್ನ ಗಂಟಲಲ್ಲಿ ನಿಲ್ಲುತ್ತದೆ, ಶಬ್ದ ಮಾತ್ರ ಹೊಳೆಯುವುದಿಲ್ಲ. ಆ ದಿನವೆಲ್ಲ ಯೋಚಿಸುತ್ತಲೇ ಪಾಠ ಮಾಡಿದೆ. ಬೆನ್ನ ಹಿಂದೆ ಗೋಡೆಯಷ್ಟು ದೊಡ್ಡ ಬ್ಲ್ಯಾಕ್ ಬೋರ್ಡು ನಿಂತಿತ್ತು. 'ಬ್ಲ್ಯಾಕ್' ಐದೇ ಅಕ್ಷರದ ಶಬ್ದವೆಂದು ನನಗೆ ಹೊಳೆದದ್ದು ಮರುದಿನ.

ಇದು ಈ ಎರಡನೆಯ ಮಹಾಯುದ್ಧ ಶುರುವಾಗುವ ಮುಂಚಿನ ಮಾತು. ಮುಂಬೈಯ ಒಂದು ಇಂಗ್ಲಿಷ್ ವಾರಪತ್ರಿಕೆ ಚೌಕಗಳ ಸ್ಪರ್ಧೆ ಶುರು ಮಾಡಿತ್ತು. ಕೆಲವು ಚೌಕಗಳಲ್ಲಿ ಅಕ್ಷರ ಇರುತ್ತಿತ್ತು, ಉಳಿದವು ಖಾಲಿ, ಕೆಳಗೊಂದು ಸುಳಿವು. ಸರಿಯಾಗಿ ತುಂಬಿದವರ ಹೆಸರು ಅಚ್ಚಾಗುತ್ತಿತ್ತು. ನಮ್ಮ ಕಡೆ ಇದು ಕಜ್ಜಿಯಂತೆ ಹರಡಿತು. ಮೂಡಲಗಿಯ ಮಲ್ಲಪ್ಪಣ್ಣ ಅರಳೆಯ ವ್ಯಾಪಾರಿ. ಅವನಿಗೆ ಗೊತ್ತಿದ್ದ ಇಂಗ್ಲಿಷ್ ಎಂದರೆ ಅರಳೆ ತುಂಬಿ ಕಟ್ಟಿದ ಅಂಡಿಗೆಯ ಮೇಲಿನ ಗುರುತು ಅಷ್ಟೇ. ಅವನೂ ಸ್ಪರ್ಧೆಗೆ ಇಳಿದ. ಕಾರ್ಡು ಹಾಕುತ್ತಿದ್ದವನು ಅವನೇ.

ಸ್ಪರ್ಧೆಯ ಅನ್ಯಾಯವನ್ನು ಕೇಳಿ. ಒಮ್ಮೆ ನಾಲ್ಕು ಅಕ್ಷರದ ಶಬ್ದ, ಕೊನೆಯ ಮೂರು ಎ, ಆರ್, ಇ. ಸುಳಿವು: 'ಇದು ಹೆಚ್ಚಾದರೆ ಪ್ರಯಾಣಿಕನಿಗೆ ಕಷ್ಟ.' ನಾನು 'ಫೇರ್' ಎಂದು ಬರೆದೆ. ಬಾಡಿಗೆ ಹೆಚ್ಚಾದರೆ ಯಾರಿಗೆ ಕಷ್ಟವಿಲ್ಲ? ಸರಿಯುತ್ತರ 'ಕೇರ್' ಅಂತೆ. ಚಿಂತೆ ಇದ್ದವನಿಗೆ ಪ್ರಯಾಣದ ಸುಖ ಸಿಗುವುದಿಲ್ಲ ಎಂದು ವಿವರಣೆ ಬೇರೆ. ಬರೆದವನನ್ನು ಗೋಕಾಕದಿಂದ ಹುಕ್ಕೇರಿಗೆ ಹೋಗುವ ಸರ್ವಿಸ್ ಮೋಟಾರಿನಲ್ಲಿ ಒಂದು ಸಲ ಕೂರಿಸಬೇಕು. ಪ್ರಯಾಣದ ಸುಖ ಎಂಬ ಮಾತನ್ನೇ ಅವನು ಮರೆಯುತ್ತಾನೆ.

ಅದಕ್ಕಿಂತ ಹೆಚ್ಚಿನ ಅನ್ಯಾಯ ಹುಕ್ಕೇರಿಯಲ್ಲೇ ನಡೆಯಿತು. ಅಲ್ಲಿನ ಕೋರ್ಟಿನ ಕಾರಕೂನ ದತ್ತೋಪಂತರು ಮ್ಯಾಟ್ರಿಕ್ ಫೇಲಾದವರು. ಅವರ ಹೆಸರು ಮೂರು ಸಲ ಅಚ್ಚಾಯಿತು. ನನ್ನದು ಒಂದು ಸಲವೂ ಇಲ್ಲ. ಮೂರು ಪತ್ರಿಕೆಗಳನ್ನೂ ಮಡಚಿ ಕೋಟಿನ ಕಿಸೆಯಲ್ಲಿಟ್ಟುಕೊಂಡು ಅವರು ಗೋಕಾಕಕ್ಕೇ ಬಂದು, ನನ್ನ ಆರೋಗ್ಯ ವಿಚಾರಿಸಿ ಹೋದರು. ಅವತ್ತು ನಿರ್ಧರಿಸಿದೆ: ನನ್ನ ಹೆಸರು ಅಚ್ಚಾಗಲೇಬೇಕು. ಇಲ್ಲದಿದ್ದರೆ ಈ ಊರಿನಲ್ಲಿ ಬಿ.ಎ. ಹಚ್ಚಿಕೊಂಡು ತಿರುಗುವುದರಲ್ಲಿ ಅರ್ಥವಿಲ್ಲ.

ಡಿಕ್ಷನರಿ ಹಿಡಿದು ಕೂತೆ. ಅಕ್ಷರ ಎಣಿಸಿ ಶಬ್ದ ಹುಡುಕುವುದು ಓದಿದವರ ಕೆಲಸವಲ್ಲ. ಶಬ್ದ ಕಂಡೊಡನೆ ಮನಸ್ಸು ಅರ್ಥದ ಹಿಂದೆ ಓಡುತ್ತದೆ, ಎಣಿಕೆ ತಪ್ಪುತ್ತದೆ. ಎರಡನೆಯ ದಿನ ಸಿಟ್ಟಿನಿಂದ ಡಿಕ್ಷನರಿಯನ್ನು ಎತ್ತಿ ಒಗೆದೆ. ಅದು ಜೋಳ ಹಸನು ಮಾಡುತ್ತಿದ್ದ ನನ್ನ ಹೆಂಡತಿ ಗಂಗವ್ವನ ಮೊರದ ಹತ್ತಿರ ಹೋಗಿ ಬಿತ್ತು.

ಗಂಗವ್ವ ಬೆಲ್ಲದ ಬಾಗೇವಾಡಿಯವಳು. ಅಲ್ಲಿ ಕನ್ನಡ ಮೂರನೆಯ ಇಯತ್ತೆಯಲ್ಲಿದ್ದಾಗ, ಮದುವೆ ನಿಶ್ಚಯವಾಯಿತೆಂದು ಸಾಲಿ ಬಿಡಿಸಿದ್ದರು. ವರ ಯಾರೆಂದು ಬೇರೆ ಹೇಳಬೇಕಿಲ್ಲ. ಅವಳು ಪುಸ್ತಕವನ್ನು ಸೆರಗಿನಿಂದ ಒರೆಸಿ, ಏನು ಹುಡುಕುತ್ತಿದ್ದೀರಿ ಎಂದು ಕೇಳಿದಳು. ನಿನಗೆ ಅರ್ಥವಾಗುವುದಿಲ್ಲ ಎಂದೆ.

"ಅರ್ಥ ಯಾಕ ಬೇಕ್ರಿ? ಆ ಅಕ್ಷರದ ಆಕಾರ ಬರದ ಕೊಡ್ರಿ. ಜ್ವಾಳದಾಗಿನ ಹರಳ ಆರಸಾಕ ಹರಳಿನ ಹೆಸರು ಗೊತ್ತಿರಬೇಕೇನು?"

ತಮಾಷೆಗೆಂದು ಇಪ್ಪತ್ತಾರು ಅಕ್ಷರಗಳನ್ನೂ ಒಂದು ಚೀಟಿಯಲ್ಲಿ ಬರೆದುಕೊಟ್ಟೆ. ಅಂದಿನಿಂದ ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಅವಳು ಕಸಬರಿಗೆಯ ಒಂದು ಕಡ್ಡಿ ಹಿಡಿದು ಡಿಕ್ಷನರಿಯ ಮುಂದೆ ಕೂರುತ್ತಿದ್ದಳು. ಕಡ್ಡಿಯ ತುದಿಯಿಂದ ಅಕ್ಷರ ಎಣಿಸುವುದು, ಪತ್ರಿಕೆಯ ಚೌಕಗಳಿಗೆ ಹೊಂದದಿದ್ದರೆ ಮುಂದೆ ಸರಿಯುವುದು. ನಾನು ಸಾಲಿಯಿಂದ ಬರುವಷ್ಟರಲ್ಲಿ ಹತ್ತು ಹನ್ನೆರಡು ಶಬ್ದ ಆರಿಸಿಟ್ಟಿರುತ್ತಿದ್ದಳು. ನಾನು ಅವುಗಳಲ್ಲಿ ಒಂದನ್ನು ಆಯ್ದು ಚೌಕ ತುಂಬಿ, ಕೆಳಗೆ ನನ್ನ ಹೆಸರು ಬರೆದು, ಟಪಾಲಿಗೆ ಹಾಕುತ್ತಿದ್ದೆ. ದಣಿವು ನನಗೇ ಆಗುತ್ತಿತ್ತು ಎಂದು ಆಗ ಪ್ರಾಮಾಣಿಕವಾಗಿ ನಂಬಿದ್ದೆ.

ಆರು ತಿಂಗಳಾದ ಮೇಲೆ ನನ್ನ ಹೆಸರು ಅಚ್ಚಾಯಿತು. ಮೂಡಲಗಿಯಿಂದ ಮಲ್ಲಪ್ಪಣ್ಣ ಪೇಢೆ ಹಿಡಿದುಕೊಂಡು ಬಂದ. ದತ್ತೋಪಂತರು ಬರಲಿಲ್ಲ. ಅವರಿಗೆ ಅಂದು ಕೋರ್ಟಿನಲ್ಲಿ ಕೆಲಸವಿತ್ತಂತೆ, ಇರಲಿ. ಗಂಗವ್ವ ಚಹಾ ತಂದಿಟ್ಟಾಗ ಮಲ್ಲಪ್ಪಣ್ಣ ಅವಳನ್ನು ಕಾಡಿಸತೊಡಗಿದ. ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಮದುವೆ ಮುಂಜಿಗಳಲ್ಲಿ ಎಲ್ಲರೂ ಸುತ್ತುಗಟ್ಟಿ ಕಾಡಿದರೆ ಮಾತ್ರ ಎರಡು ಸಾಲಿನ ಒಡಪು ಕಟ್ಟಿ ಅದರೊಳಗೆ ಹೆಸರು ಸೇರಿಸಿ ಹೇಳುತ್ತಾಳೆ.

"ವೈನಿ, ಹೆಸರು ಮುಂಬೈತನಕ ಹೋಗೈತಿ. ಇವತ್ತರ ಒಂದ ಒಡಪ ಹಾಕಿ ಹೇಳ್ರಿ" ಎಂದ.

ನಾನು ಎದೆಯುಬ್ಬಿಸಿ ಕೂತೆ. ಗಂಗವ್ವ ಪತ್ರಿಕೆಯನ್ನು ತೆಗೆದುಕೊಂಡು, ಪಟ್ಟಿಯ ಮೇಲಿನಿಂದ ಒಂದೊಂದೇ ಹೆಸರಿನ ಮೇಲೆ ಬೆರಳಾಡಿಸುತ್ತ ಬಂದಳು. ನನ್ನ ಹೆಸರಿನ ಮೇಲೆ ಬೆರಳು ನಿಂತಿತು. ಒಡಪು ಹೇಳಲಿಲ್ಲ. ನನ್ನ ಕಡೆ ತಿರುಗಿ ಕೇಳಿದಳು:

"ನನ್ನ ಹೆಸರು ಬರದ್ರ ಎಷ್ಟ ಚೌಕ ಬೇಕಾಗ್ತಾವ್ರಿ?"

ಮಲ್ಲಪ್ಪಣ್ಣ ಬಶಿಯಲ್ಲಿದ್ದ ಚಹಾ ನೋಡತೊಡಗಿದ. ನನಗೆ ಎಂದಿನಂತೆ ಸಿಟ್ಟು ಬಂತು. ಯಾರ ಮೇಲೆ ಎಂದು ಹುಡುಕಿದೆ. ಮುಂಬೈಯವನ ತಪ್ಪೇನಿರಲಿಲ್ಲ, ದತ್ತೋಪಂತರು ಊರಲ್ಲೇ ಇರಲಿಲ್ಲ. ಆ ಸಿಟ್ಟಿಗೆ ಸರಿಹೊಂದುವ ಮನುಷ್ಯ ನಾನೊಬ್ಬನೇ ಉಳಿದಿದ್ದೆ. ನಾಚಿಕೆಯಾಯಿತು. ಪೆನ್ಸಿಲ್ ತಂದು ಎಂಟು ಚೌಕ ಹಾಕಿ, ಒಂದೊಂದೇ ಇಂಗ್ಲಿಷ್ ಅಕ್ಷರ ತುಂಬಿ ತೋರಿಸಿದೆ. ಅವಳು ಎರಡು ಸಲ ಎಣಿಸಿ ನೋಡಿ, ಆ ಚೀಟಿಯನ್ನು ಡಿಕ್ಷನರಿಯೊಳಗೆ ಇಟ್ಟುಕೊಂಡಳು.

ಮುಂದಿನ ಸ್ಪರ್ಧೆಯ ಕಾಗದದ ಕೆಳಗೆ ಹೆಸರನ್ನು ಅವಳೇ ಬರೆದಳು. ಫಲಿತಾಂಶ ಬಂದಾಗ ಪಟ್ಟಿಯಲ್ಲಿ ಅದಿರಲಿಲ್ಲ. ಅವಳು ಮತ್ತೊಮ್ಮೆ ಮೇಲಿನಿಂದ ಕೆಳಗಿನವರೆಗೆ ನೋಡಿ, "ಇರ್ಲಿ ಬಿಡ್ರಿ" ಎಂದು ಒಳಗೆ ಹೋದಳು.

ನಾನು ಬಿಡಲಿಲ್ಲ. ಅಲ್ಲೇ ಕೂತು ಮುಂಬೈಯ ಸಂಪಾದಕರಿಗೆ ನಾಲ್ಕು ಪುಟದ ಕಾಗದ ಬರೆದೆ. ನನ್ನ ಹೆಸರು ಬಾರದ ಅಷ್ಟೂ ವಾರಗಳಲ್ಲಿ ನಾನು ಅವರಿಗೆ ಒಂದು ಕಾರ್ಡನ್ನೂ ಬರೆದವನಲ್ಲ.