ಕೆಳಸಾಲಿನ ಮೊದಲ ಮುಖ

ವಿಜಯನಗರದ ಫ್ಲೆಕ್ಸ್ ಅಂಗಡಿಯೊಂದರಲ್ಲಿ ನಾನು ಡಿಸೈನರ್. ಡಿಸೈನರ್ ಅಂದರೆ ಮುಖಂಡರ ಮುಖ ಬೆಳ್ಳಗೆ ಮಾಡುವವನು, ಅವರ ಬೋಳಿನ ಮೇಲೆ ಕೂದಲು ಬೆಳೆಸುವವನು. ನನ್ನ ತಲೆಯಲ್ಲಿ ಉದುರುತ್ತಿರುವುದಕ್ಕೆ ಮಾತ್ರ ಇನ್ನೂ ಉಪಾಯ ಹೊಳೆದಿಲ್ಲ.

ನಮ್ಮ ಅಂಗಡಿಗೆ ಆಗಾಗ ಬರುವ ಮರಿಯಪ್ಪ ಲಗ್ಗೆರೆಯವರು. ಪೀಣ್ಯದಲ್ಲಿ ಲೇತ್ ಕೆಲಸ. ಸಂಜೆಯಾದರೆ ಏರಿಯಾದ ಮುಖಂಡ ಏಕಾಂತಯ್ಯನವರ ಪಕ್ಷದ ಕೆಲಸ. ಬಾವುಟ ಕಟ್ಟುವುದು, ಮನೆಮನೆಗೆ ಚೀಟಿ ಹಂಚುವುದು, ಜೈಕಾರ ಕೂಗುವುದು. ಬದಲಿಗೆ ಅವರು ಕೇಳಿದ್ದು ಒಂದೇ: ಹಬ್ಬದ ಫ್ಲೆಕ್ಸಿನ ಕೆಳಗೆ ‘ಶುಭ ಕೋರುವವರು’ ಎಂಬ ಸಾಲಿನಲ್ಲಿ ಮೊದಲ ಮುಖ ತಮ್ಮದಾಗಿರಬೇಕು. ಅಂಚೆಚೀಟಿಯಷ್ಟಿದ್ದರೂ ಸರಿ.

ಈ ಪಕ್ಷಕ್ಕಾಗಿಯೇ ಅವರು ಎದುರು ಪಕ್ಷದಲ್ಲಿದ್ದ ಭಾಮೈದ ಸೀನನ ಜೊತೆ ಮಾತು ಬಿಟ್ಟಿದ್ದರು. ಅವನ ಗೃಹಪ್ರವೇಶಕ್ಕೆ ಹೆಂಡತಿ ಕಲಾಳನ್ನೂ ಕಳಿಸಿರಲಿಲ್ಲ. ಆಕೆ ಅಂದು ರೇಷ್ಮೆ ಸೀರೆ ಉಟ್ಟುಕೊಂಡೇ ಮನೆಯಲ್ಲಿ ಮುದ್ದೆ ತಿರುವಿದರಂತೆ. ಇದನ್ನು ಮರಿಯಪ್ಪನವರೇ ನನಗೆ ಹೆಮ್ಮೆಯಿಂದ ಹೇಳಿದ್ದು.

ಆಮೇಲೆ ಸರ್ಕಾರ ಬದಲಾಯಿತು. ಸೀನನ ಪಕ್ಷ ಗೆದ್ದಿತು. ರಾಜ್ಯೋತ್ಸವದ ಫ್ಲೆಕ್ಸಿಗೆ ಮರಿಯಪ್ಪ ಹೊಸ ಫೋಟೊ ತಂದು ನನ್ನ ಪಕ್ಕ ಕೂತರು.

“ಸೋತ್ರೂ ನಮ್ಮದೇ ದೊಡ್ಡದಾಗಿ ಕಾಣ್ಬೇಕು ಕಣಪ್ಪ. ಮೀಸೆ ಸ್ವಲ್ಪ ಕಪ್ಪು ಮಾಡು.”

“ಇನ್ನೂ ಕಪ್ಪು ಮಾಡಿದ್ರೆ ಹೆಣ್ಣು ಕೊಡೋಕೆ ಬರ್ತಾರೆ ಅಣ್ಣ.”

“ಮೊದ್ಲು ನಿಂಗೆ ಯಾರಾದ್ರೂ ಕೊಡ್ಲಿ ಬಿಡೋ!”

ಅಷ್ಟರಲ್ಲಿ ಕಂಪ್ಯೂಟರಿಗೆ ಏಕಾಂತಯ್ಯನವರ ವಾಯ್ಸ್ ಮೆಸೇಜ್ ಬಂತು. ಅಳತೆ ಹೇಳಿರಬೇಕೆಂದು ಒತ್ತಿದೆ.

“ಏರಿಯಾ ಡೆವಲಪ್‌ಮೆಂಟಿಗೆ ಆ ಪಾರ್ಟಿಯವ್ರ ಜೊತೆ ಒಂದಾಗಿ ಹೋಗ್ತಾ ಇದೀವಪ್ಪ. ಕೆಳಗಡೆ ಮೊದಲು ಸೀನನ್ನ ಹಾಕು, ಫೋಟೊ ಕಳ್ಸಿದೀನಿ. ಮರಿಯಪ್ಪನ್ನ ತೆಗೆದ್ಬಿಡು, ಅವ್ನ ಮುಖ ಕಂಡ್ರೆ ಅವ್ರಿಗೆ ಆಗಲ್ಲ. ಹಾಂ, ಫ್ಲೆಕ್ಸ್ ಕಟ್ಟೋಕೆ ಮಾತ್ರ ಅವ್ನಿಗೇ ಹೇಳು.”

ಮುಖಗಳನ್ನು ಮಾಯ ಮಾಡುವುದೇ ನನ್ನ ಕಸುಬು. ಆದರೂ ನನ್ನದನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ಮರಿಯಪ್ಪ ಕುರ್ಚಿ ಮುಂದಕ್ಕೆ ಎಳೆದುಕೊಂಡರು. ಸ್ಕ್ರೀನ್ ಮೇಲಿದ್ದ ಸೀನನನ್ನೇ ನೋಡುತ್ತಿದ್ದರು.

“ಇಷ್ಟೊಂದು ಸೊರಗಿದಾನಾ?”

“ಫೋಟೊ ಹಂಗೆ ಬಂದಿರ್ಬೇಕಣ್ಣ.”

“ನಾನು ಎತ್ತಾಡ್ಸಿದ ಹುಡ್ಗ ಕಣೋ. ನಂಗೆ ಗೊತ್ತಾಗಲ್ವಾ?”

ತಂದಿದ್ದ ಫೋಟೊವನ್ನು ಜೇಬಿಗೆ ತುರುಕಿ, ಹೆಂಡತಿಗೆ ಫೋನ್ ಹಚ್ಚಿದರು. ಸ್ಪೀಕರಿನಲ್ಲಿಟ್ಟೇ ಮಾತಾಡುವುದು ಅವರ ಅಭ್ಯಾಸ.

“ಕಲಾ, ನಿನ್ನ ತಮ್ಮನ ನಂಬರ್ ಹೇಳು.”

“ಯಾಕೆ? ನಿಮ್ಮ ಲೀಡರ್ ಪರ್ಮಿಷನ್ ಕೊಟ್ರಾ?”

ಮರಿಯಪ್ಪ ಫೋನನ್ನು ಮೇಜಿನ ಮೇಲೆ ನನ್ನ ಕಡೆ ಸರಿಸಿದರು. ಆಕೆ ಎಲ್ಲೂ ತಡವರಿಸದೆ ಒಂದೊಂದೇ ಅಂಕಿ ಹೇಳತೊಡಗಿದರು. ಬರೆದುಕೋ ಎಂಬಂತೆ ಮರಿಯಪ್ಪ ನನಗೆ ಕೈ ಸನ್ನೆ ಮಾಡಿದರು.